ಕಲಿಕೆಯ ಏಣಿ: ನಲಿ-ಕಲಿಯಿಂದ ತಂತ್ರಾಂಶದವರೆಗೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಾಯಂದಿರು, ವಿದ್ಯಾರ್ಥಿಗಳು ಸೇರಿರುವ ಸಭೆ ಇದು.

ದತ್ತಿ ಉಪನ್ಯಾಸ ನಮ್ಮ ನಾಡಿನ ಒಂದು ಒಳ್ಳೆಯ ಪದ್ಧತಿ. ಅಗಲಿದ ಹಿರಿಯರ ಹೆಸರಿನಲ್ಲಿ ಒಂದು ಮೊತ್ತವನ್ನು ಠೇವಣಿ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಊರಿನವರು ಒಟ್ಟಿಗೆ ಕುಳಿತು ಒಂದು ವಿಷಯವನ್ನು ಯೋಚಿಸುವಂತೆ ಮಾಡುತ್ತಾರೆ. ಈ ಬಾರಿ ನನಗೆ ಒಪ್ಪಿಸಿರುವ ವಿಷಯ ಇದು: ಶೈಕ್ಷಣಿಕ ತಂತ್ರಾಂಶಗಳಲ್ಲಿ ಮಕ್ಕಳಿಗೆ ಕ್ರಮಬದ್ಧವಾದ ಕಲಿಕಾ ಹಾದಿಯನ್ನು ಹಾಕಿಕೊಡುವುದು ಹೇಗೆ? ಹಳ್ಳಿ ಹಳ್ಳಿಗೂ ಸ್ಮಾರ್ಟ್ ಕ್ಲಾಸ್, ಟ್ಯಾಬ್, ಪ್ರೊಜೆಕ್ಟರ್ ಬರುತ್ತಿರುವ ಈ ಹೊತ್ತಿನಲ್ಲಿ ಇದು ಎಂಜಿನಿಯರುಗಳು ಮಾತ್ರ ಕೇಳಬೇಕಾದ ಪ್ರಶ್ನೆಯಲ್ಲ. ಶಾಲೆಗೆ ಮಗುವನ್ನು ಕಳಿಸುವ ಪ್ರತಿಯೊಬ್ಬ ತಾಯಿಯೂ ಕೇಳಬೇಕಾದದ್ದು.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಕೆಯ ಹಾದಿ ಪಠ್ಯಪುಸ್ತಕದ ಮೊದಲ ಪುಟದಿಂದ ಅಲ್ಲ, ಮಗು ಈಗ ನಿಂತಿರುವ ಜಾಗದಿಂದ ಶುರುವಾಗಬೇಕು. ಆ ಜಾಗ ಯಾವುದೆಂದು ಗುರುತಿಸಲು ತಂತ್ರಾಂಶ ನೆರವಾಗುತ್ತದೆ. ಹಾದಿ ಹಾಕುವ ಕೆಲಸ ಮಾತ್ರ ಆ ಮಕ್ಕಳನ್ನು ಬಲ್ಲ ಶಿಕ್ಷಕರದು. ಅದಕ್ಕೆ ಬೇಕಾದ ತಿಳಿವಳಿಕೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈಗಾಗಲೇ ಇದೆ.

ನಮ್ಮಲ್ಲೇ ಇದ್ದ ಏಣಿ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಸಣ್ಣ ಹಳ್ಳಿಗಳಿಗಾಗಿ ಏಕೋಪಾಧ್ಯಾಯ ಶಾಲೆಗಳನ್ನು ಕಟ್ಟಿದ್ದರು. ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಇಡೀ ತರಗತಿಗೆ ಒಂದೇ ಪಾಠ ಮಾಡುವ ಮಾತೇ ಅಲ್ಲಿ ಇರಲಿಲ್ಲ. ಪಠ್ಯವನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಒಡೆದು, ಕಾರ್ಡುಗಳಲ್ಲಿ ಬರೆದು, ಅವನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಲಾಗಿತ್ತು. ಹೆಗ್ಗಡದೇವನಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ, ತಾವೇ ಕುಳಿತು ಕನ್ನಡದ ಕಾರ್ಡುಗಳನ್ನು ಬರೆದರು. ಅದು ನಲಿ-ಕಲಿಯ ಹುಟ್ಟು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ವಿಸ್ತರಿಸಿತು. ಮುಂದಿನ ವರ್ಷ ಮೂರನೇ ತರಗತಿಯೂ ಸೇರಿತು.

ನಲಿ-ಕಲಿ ತರಗತಿಯನ್ನು ಕಂಡವರಿಗೆ ಅದರ ರಚನೆ ಗೊತ್ತು. ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯಲ್ಲಿ ಮೈಲಿಗಲ್ಲುಗಳು. ಪ್ರತಿ ಮೈಲಿಗಲ್ಲಿನೊಳಗೆ ಸಾಲು ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಒಂದು ಸಂಖ್ಯೆ. ಓದು ಬಾರದ ಮಗುವೂ ಆ ಚಿತ್ರವನ್ನು ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಮಕ್ಕಳು ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ: ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಯ ಪೂರ್ಣ ಬೆಂಬಲದಲ್ಲಿ ಕಲಿಯುವವರು, ಭಾಗಶಃ ಬೆಂಬಲದಲ್ಲಿ ಕಲಿಯುವವರು, ಸ್ವಕಲಿಕೆಯವರು. ಹೊಸದನ್ನು ಕಲಿಯುವಾಗ ಮಗು ಮೊದಲ ತಟ್ಟೆಯಲ್ಲಿರುತ್ತದೆ, ಅಭ್ಯಾಸ ಬಲಿತಂತೆ ಒಂದೊಂದೇ ತಟ್ಟೆ ದಾಟುತ್ತದೆ. ಮೈಲಿಗಲ್ಲಿನ ಕೊನೆಗೆ ಮೌಲ್ಯಮಾಪನದ ಕಾರ್ಡು. ಮುಗಿಸಿದ್ದು ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ದಾಖಲಾಗುತ್ತದೆ. ಎಂಟು ದಿನ ಜ್ವರದಲ್ಲಿ ಮಲಗಿ ಎದ್ದ ಮಗು ಶಾಲೆಗೆ ಬಂದರೆ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪಾಠ ಮುಂದೆ ಹೋಯಿತು, ನಾನು ಹಿಂದೆ ಉಳಿದೆ ಎಂಬ ಭಯಕ್ಕೆ ಅಲ್ಲಿ ಎಡೆಯಿಲ್ಲ.

ಅದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಲಿ-ಕಲಿಯ ಕನ್ನಡ ಏಣಿ ‘ಅ ಆ ಇ ಈ’ ಎಂದು ಶುರುವಾಗುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದು ಅಕ್ಷರ ಬಂದ ಕೂಡಲೇ ಮಗು ಸರ, ರಸ, ಅರಸ, ಅಗಸ, ದಸರ, ಗರಗಸ ಎಂದು ಓದಬಲ್ಲದು. ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಅರ್ಥವುಳ್ಳ ಪದ ಮೊದಲ ವಾರಗಳಲ್ಲೇ ಬಾಯಿಗೆ ಬರುತ್ತದೆ. ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಸರಿಯಾದ ಕ್ರಮ, ಮಗುವಿನ ಕಲಿಕೆಗೆ ಸರಿಯಾದ ಕ್ರಮ ಬೇರೆ. ಆ ಎರಡನ್ನೂ ಬೇರ್ಪಡಿಸಿ ನೋಡಿದ್ದು ನಮ್ಮ ಪ್ರಾಥಮಿಕ ಶಾಲಾ ಶಿಕ್ಷಕರ ದೊಡ್ಡ ಸಾಧನೆ. ತಂತ್ರಾಂಶದಲ್ಲಿ ಹಾದಿ ಹಾಕಲು ಹೊರಟವರು ಮೊದಲು ಕಲಿಯಬೇಕಾದದ್ದೂ ಇದನ್ನೇ: ಯಾವುದರ ನಂತರ ಯಾವುದು ಎಂಬುದನ್ನು ಪುಸ್ತಕದ ಪರಿವಿಡಿ ತೀರ್ಮಾನಿಸಬಾರದು.

ಯಂತ್ರಗಳ ದಾರಿ

ಯಂತ್ರದ ಮೂಲಕ ಕಲಿಸುವ ಆಲೋಚನೆ ಹೊಸದೇನಲ್ಲ. ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಸಿಡ್ನಿ ಪ್ರೆಸ್ಸಿ 1920ರ ದಶಕದಲ್ಲೇ ಪ್ರಶ್ನೆ ತೋರಿಸಿ ಉತ್ತರ ಪರೀಕ್ಷಿಸುವ ಸಣ್ಣ ಯಂತ್ರವೊಂದನ್ನು ಮಾಡಿದ್ದರು. 1953ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತ ತರಗತಿಯನ್ನು ನೋಡಲು ಹೋದರು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಾಗಿತ್ತು, ತಮ್ಮ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮರುದಿನದವರೆಗೆ ಕಾಯಬೇಕಾಗಿತ್ತು. ಈ ಎರಡು ಕೊರತೆಗಳನ್ನು ನೀಗಲೆಂದು ಅವರು ಬೋಧನಾ ಯಂತ್ರವನ್ನು ರೂಪಿಸಿದರು. ಪಾಠವನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು, ಒಂದರ ನಂತರ ಒಂದನ್ನು ಕೊಡುವುದು, ಪ್ರತಿ ಉತ್ತರಕ್ಕೂ ಆ ಕ್ಷಣವೇ ಪ್ರತಿಕ್ರಿಯೆ ನೀಡುವುದು ಅವರ ವಿಧಾನ.

ಸ್ಕಿನ್ನರ್ ಅವರ ಹಾದಿ ನೇರ ಗೆರೆ. ವೇಗ ಮಗುವಿನದು, ದಾರಿ ಮಾತ್ರ ಎಲ್ಲರಿಗೂ ಒಂದೇ. ಅದೇ ದಶಕದ ಕೊನೆಯಲ್ಲಿ ನಾರ್ಮನ್ ಕ್ರೌಡರ್ ಇನ್ನೊಂದು ಬಗೆಯನ್ನು ತಂದರು. ಅವರ ಪುಸ್ತಕಗಳಲ್ಲಿ ಓದುಗ ಯಾವ ಉತ್ತರ ಆರಿಸುತ್ತಾನೋ ಅದಕ್ಕೆ ತಕ್ಕ ಪುಟಕ್ಕೆ ಹೋಗಬೇಕಿತ್ತು. ತಪ್ಪು ಉತ್ತರ ಆರಿಸಿದವನಿಗೆ ಆ ತಪ್ಪಿಗೇ ಹೊಂದುವ ವಿವರಣೆ ಸಿಗುತ್ತಿತ್ತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆ ಶುರುವಾಯಿತು. 1968ರಲ್ಲಿ ಬೆಂಜಮಿನ್ ಬ್ಲೂಮ್ ಪ್ರಭುತ್ವ ಕಲಿಕೆಯ ತತ್ವವನ್ನು ಮುಂದಿಟ್ಟರು: ಒಂದು ಘಟಕವನ್ನು ಚೆನ್ನಾಗಿ ಕಲಿತ ಮೇಲೆಯೇ ಮುಂದಿನದಕ್ಕೆ ಹೋಗಬೇಕು, ಕಲಿಯದವರಿಗೆ ಪರಿಹಾರ ಬೋಧನೆ ಸಿಗಬೇಕು, ಸಮಯ ಹೆಚ್ಚು ಕಡಿಮೆಯಾದರೂ ಚಿಂತೆಯಿಲ್ಲ. ಇಂದಿನ ಹಲವು ಕಲಿಕಾ ತಂತ್ರಾಂಶಗಳು ಈ ಮೂರು ವಿಚಾರಗಳ ಮೇಲೆ ನಿಂತಿವೆ: ಸಣ್ಣ ಮೆಟ್ಟಿಲು, ತಪ್ಪಿಗೆ ತಕ್ಕ ಕವಲು, ದಾಟುವ ಮೊದಲು ಪರೀಕ್ಷೆ.

ನಮ್ಮಲ್ಲಿ ತಂತ್ರಜ್ಞಾನ ಬಂದ ರೀತಿ ಬೇರೆ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಮೊದಲು ಪಡೆದವು. ದೂರದ ಶಾಲೆಗೂ ಒಳ್ಳೆಯ ಪಾಠ ತಲುಪಿತು, ಅದು ದೊಡ್ಡ ಮಾತು. ಆದರೆ ಆ ಉಪಗ್ರಹ ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಪಾಠವನ್ನು ಕಳಿಸುತ್ತಿತ್ತು. 2017ರ ಶಿಕ್ಷಕರ ದಿನದಂದು ಡಿಜಿಟಲ್ ಪಾಠಗಳ ದೀಕ್ಷಾ ವೇದಿಕೆ ಬಂತು, ಆಮೇಲೆ ಪಠ್ಯಪುಸ್ತಕದ ಪಾಠಗಳ ಪಕ್ಕ ಕ್ಯೂಆರ್ ಕೋಡ್ ಬಂತು. ಮೊಬೈಲ್ ಹಿಡಿದರೆ ಆ ಪಾಠದ ವಿಡಿಯೊ ತೆರೆಯುತ್ತದೆ. ಇದೂ ಉಪಯುಕ್ತ. ಆದರೂ ಐದನೇ ತರಗತಿಯ ಪುಸ್ತಕದ ಕೋಡು ಐದನೇ ತರಗತಿಯ ವಿಡಿಯೊವನ್ನೇ ತೆರೆಯುತ್ತದೆ. ಆ ಹುಡುಗಿಗೆ ಎರಡನೇ ತರಗತಿಯ ಕಳೆಯುವ ಲೆಕ್ಕ ಬಾರದಿದ್ದರೆ ಅವಳಿಗೆ ಬೇಕಾದ ಬಾಗಿಲು ಆ ಪುಟದಲ್ಲಿಲ್ಲ.

ಭದ್ರಾ ನಾಲೆಯ ಅಚ್ಚುಕಟ್ಟಿನ ಕೊನೆಯ ರೈತರ ಕಷ್ಟ ಈ ಸಭೆಯಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಅಂಕಿ ಅವರ ಗದ್ದೆಯನ್ನು ನೆನೆಸುವುದಿಲ್ಲ. ಕೊನೆಯ ತೂಬಿನಲ್ಲಿ ನೀರು ಹರಿದಾಗಲೇ ನಾಲೆ ಕೆಲಸ ಮಾಡಿತೆಂದು ಲೆಕ್ಕ. ಎಷ್ಟು ವಿಡಿಯೊ ಮಾಡಿದೆವು, ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಎಂಬ ಅಂಕಿಗಳನ್ನೂ ಹಾಗೆಯೇ ನೋಡಬೇಕು.

ಹಾದಿ ಮಗುವಿನ ಮಟ್ಟಕ್ಕೆ ಹೊಂದಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಸಾಕ್ಷ್ಯ ಇದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಬಗ್ಗೆ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂಡ್ರೊ ಗಾನಿಮಿಯನ್ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆ ತಂತ್ರಾಂಶ ಮೊದಲು ಮಗುವಿನ ಮಟ್ಟವನ್ನು ಅಳೆದು, ಅಲ್ಲಿಂದ ಪ್ರಶ್ನೆಗಳನ್ನು ಕೊಡುತ್ತಿತ್ತು. ಶಾಲೆಯ ನಂತರ ದಿನಕ್ಕೆ 90 ನಿಮಿಷ, ಅರ್ಧ ತಂತ್ರಾಂಶದ ಮುಂದೆ, ಅರ್ಧ ಸಣ್ಣ ಗುಂಪಿನಲ್ಲಿ ಬೋಧಕರೊಂದಿಗೆ. ನಾಲ್ಕೂವರೆ ತಿಂಗಳಲ್ಲಿ ಆ ಅವಕಾಶ ಸಿಕ್ಕ ಮಕ್ಕಳು ಸಿಗದವರಿಗಿಂತ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣ ವಿಚಲನೆಯಷ್ಟು ಮುಂದೆ ಹೋದರು. ಶಿಕ್ಷಣ ಸಂಶೋಧನೆಯಲ್ಲಿ ಇದು ಗಣನೀಯ ಏರಿಕೆ. ಆದರೆ ಶಾಲೆಯ ತರಗತಿ ಮಟ್ಟದ ಗಣಿತ ಪರೀಕ್ಷೆಯಲ್ಲಿ ಈ ಏರಿಕೆ ಕಾಣಿಸಲಿಲ್ಲ. ಕಾರಣ ಸರಳ. ಕೆಲವು ತರಗತಿಗಳಷ್ಟು ಹಿಂದಿದ್ದ ಮಗು ಎರಡು ಮೆಟ್ಟಿಲು ಹತ್ತಿದರೂ ತರಗತಿಯ ಪ್ರಶ್ನೆಪತ್ರಿಕೆಯ ಎತ್ತರವನ್ನು ಇನ್ನೂ ಮುಟ್ಟಿರಲಿಲ್ಲ. ಮಗು ಕಲಿತಿತ್ತು, ನಮ್ಮ ಅಳತೆಗೋಲು ಅದನ್ನು ನೋಡಲಿಲ್ಲ. ಕಲಿಕಾ ಹಾದಿ ಹಾಕುವವರು ಮಗು ಎಷ್ಟು ಏರಿತು ಎಂಬುದನ್ನು ಎಲ್ಲಿಂದ ಏರಿತು ಎಂಬುದರ ಜೊತೆಗೇ ಬರೆದಿಡಬೇಕು.

ಒಂದು ಲೆಕ್ಕ, ಮೂರು ಹಾದಿ

ಕವಲು ಹಾದಿ ಎಂದರೇನು ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. 53ರಲ್ಲಿ 27 ಕಳೆಯಬೇಕು. ಸರಿಯುತ್ತರ 26.

ಒಬ್ಬ ಹುಡುಗ 34 ಎಂದು ಬರೆಯುತ್ತಾನೆ. ಅವನು ಬಿಡಿಸ್ಥಾನದಲ್ಲಿ 3ರಲ್ಲಿ 7 ಹೋಗದೆಂದು 7ರಲ್ಲಿ 3 ಕಳೆದು 4 ಬರೆದ. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಬರೆದ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಎಲ್ಲೋ ಕೇಳಿದ ಮಾತನ್ನು ಪ್ರತಿ ಅಂಕಿಗೂ ಅನ್ವಯಿಸಿದ್ದಾನೆ. ಅವನಿಗೆ ಸ್ಥಾನಬೆಲೆ ಇನ್ನೂ ತಿಳಿದಿಲ್ಲ. ಹತ್ತು ಕಡ್ಡಿಯ ಕಟ್ಟುಗಳನ್ನು ಬಿಚ್ಚಿ ಎಣಿಸುವ ಕೆಲಸಕ್ಕೆ ಅವನು ಹಿಂದಿರುಗಬೇಕು. ಒಬ್ಬ ಹುಡುಗಿ 36 ಎಂದು ಬರೆಯುತ್ತಾಳೆ. ಅವಳು ಹತ್ತನ್ನು ಸರಿಯಾಗಿಯೇ ತೆಗೆದುಕೊಂಡು 13ರಲ್ಲಿ 7 ಕಳೆದು 6 ಬರೆದಿದ್ದಾಳೆ. ಕೊಟ್ಟ ಹತ್ತನ್ನು ಐದರಿಂದ ಇಳಿಸಲು ಮರೆತಿದ್ದಾಳೆ. ಅವಳಿಗೆ ಸ್ಥಾನಬೆಲೆಯನ್ನು ಮೊದಲಿಂದ ಕಲಿಸಿದರೆ ಅವಳ ಸಮಯವೂ ಹಾಳು, ಉತ್ಸಾಹವೂ ಹಾಳು. ಅವಳಿಗೆ ಬೇಕಾದದ್ದು ಇಳಿಸಿ ಬರೆಯುವ ನಾಲ್ಕು ಲೆಕ್ಕಗಳ ಅಭ್ಯಾಸ. ಮೂರನೆಯ ಮಗು 80 ಎಂದು ಬರೆಯುತ್ತದೆ. ಅದು ಕೂಡಿದೆ. ಅದರ ತೊಡಕು ಚಿಹ್ನೆಯನ್ನು ಗಮನಿಸುವುದರಲ್ಲಿದೆ.

ಮೂವರಿಗೂ ‘ತಪ್ಪು, ಮತ್ತೆ ಪ್ರಯತ್ನಿಸು’ ಎಂದು ಹೇಳುವ ತಂತ್ರಾಂಶ ಮೂವರನ್ನೂ ಕೈಬಿಟ್ಟಂತೆ. ಈ ಬಗೆಯ ತಪ್ಪುಗಳಿಗೆ ಒಂದು ಒಳಕ್ರಮ ಇರುತ್ತದೆ ಎಂಬುದನ್ನು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕಳೆಯುವ ಲೆಕ್ಕಗಳನ್ನೇ ಹಿಡಿದು ವಿವರವಾಗಿ ತೋರಿಸಿದರು. ನಮ್ಮ ಅನುಭವಿ ಶಿಕ್ಷಕರಿಗೆ ಇದು ಉತ್ತರಪತ್ರಿಕೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು ಗಮನಿಸಿ. ನಾನು 53 ಬದಲು 52ರಲ್ಲಿ 27 ಕಳೆಯಲು ಕೇಳಿದ್ದರೆ, ಮೊದಲ ಹುಡುಗ 7ರಲ್ಲಿ 2 ಕಳೆದು 5 ಬರೆಯುತ್ತಿದ್ದ, ಎರಡನೆಯ ಹುಡುಗಿ 12ರಲ್ಲಿ 7 ಕಳೆದು 5 ಬರೆಯುತ್ತಿದ್ದಳು. ಇಬ್ಬರ ಉತ್ತರವೂ 35. ಎರಡು ಬೇರೆ ಬೇರೆ ತೊಡಕುಗಳು ಒಂದೇ ಉತ್ತರದೊಳಗೆ ಅಡಗಿಬಿಡುತ್ತಿದ್ದವು, ಯಾವ ಕಂಪ್ಯೂಟರೂ ಅವನ್ನು ಬೇರ್ಪಡಿಸಲಾರದು. ತೊಡಕನ್ನು ಪತ್ತೆಹಚ್ಚುವ ನೈದಾನಿಕ ಪರೀಕ್ಷೆಯ ಜೀವ ಪ್ರಶ್ನೆಯ ಆಯ್ಕೆಯಲ್ಲಿದೆ. ಎಷ್ಟು ದುಬಾರಿ ತಂತ್ರಾಂಶ ತಂದರೂ ಸರಿಯಾದ ಪ್ರಶ್ನೆಯನ್ನು ಆರಿಸುವ ತಿಳಿವಳಿಕೆ ಶಿಕ್ಷಕರಿಂದಲೇ ಬರಬೇಕು.

ಓದಿನ ಏಣಿಗೂ ಇದು ಸಲ್ಲುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನೇ ತೆಗೆದುಕೊಳ್ಳಿ. ‘ಜಗಳೂರು’ ಓದಲು ಕಾಗುಣಿತ ಸಾಕು. ‘ಚನ್ನಗಿರಿ’ಗೆ ಸಜಾತೀಯ ಒತ್ತಕ್ಷರ ಗೊತ್ತಿರಬೇಕು. ‘ಹೊನ್ನಾಳಿ’ಯಲ್ಲಿ ಆ ಒತ್ತಿನ ಮೇಲೆ ದೀರ್ಘವೂ ಕೂಡಿದೆ. ‘ನ್ಯಾಮತಿ’ಯ ಮೊದಲ ಅಕ್ಷರವೇ ವಿಜಾತೀಯ ಒತ್ತಕ್ಷರ. ಮಗುವಿನ ಮುಂದೆ ಈ ನಾಲ್ಕು ಹೆಸರಿಟ್ಟು ಓದಿಸಿದರೆ ಅದು ಏಣಿಯ ಯಾವ ಭಾಗದಲ್ಲಿದೆ ಎಂದು ಶಿಕ್ಷಕರಿಗೆ ಅಂದಾಜು ಸಿಗುತ್ತದೆ. ಮೂರನೆಯದರಲ್ಲಿ ತಡವರಿಸಿದ ಮಗುವಿಗೆ ಮತ್ತೆ ಅಕ್ಷರಮಾಲೆ ತಿದ್ದಿಸುವುದು ಬೇಡ, ಕತೆ ಪುಸ್ತಕ ಕೊಟ್ಟು ಸುಮ್ಮನಾಗುವುದೂ ಬೇಡ.

ಒಳ್ಳೆಯ ಸಾಮಗ್ರಿ ನಮ್ಮ ಕೈಗೆ ಸಿಗುವಂತೆಯೂ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಓದಿನ ಮಟ್ಟಗಳ ಪ್ರಕಾರ ವಿಂಗಡಿಸಿಟ್ಟಿವೆ. ಮುಕ್ತ ಪರವಾನಗಿ ಇರುವುದರಿಂದ ಅವನ್ನು ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ನಮ್ಮ ಏಣಿಯ ಮೆಟ್ಟಿಲುಗಳಲ್ಲಿ ಕೂರಿಸಬಹುದು.

ತಂತ್ರಾಂಶದಲ್ಲಿ ಕಟ್ಟುವುದು ಹೇಗೆ

ಈ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಲು ದೊಡ್ಡ ಕಂಪನಿ ಬೇಕಾಗಿಲ್ಲ. ಆಸ್ಟ್ರೇಲಿಯದ ಮಾರ್ಟಿನ್ ಡುಗಿಯಮಾಸ್ ರೂಪಿಸಿದ ಮೂಡಲ್ 2002ರಿಂದ ಮುಕ್ತ ತಂತ್ರಾಂಶವಾಗಿ ಸಿಗುತ್ತಿದೆ. ಅದರಲ್ಲಿ ಪ್ರತಿ ಚಟುವಟಿಕೆಗೂ ಎರಡು ವಿಷಯಗಳನ್ನು ಶಿಕ್ಷಕರು ನಿಗದಿ ಮಾಡಬಹುದು. ಒಂದು, ಈ ಚಟುವಟಿಕೆ ಯಾವಾಗ ಪೂರ್ಣವಾಯಿತೆಂದು ಲೆಕ್ಕ. ಎರಡು, ಇದು ತೆರೆಯುವ ಮೊದಲು ಯಾವುದು ಪೂರ್ಣವಾಗಿರಬೇಕು, ಎಷ್ಟು ಅಂಕ ಬಂದಿರಬೇಕು. ‘ಲೆಸನ್’ ಎಂಬ ಸೌಲಭ್ಯದಲ್ಲಿ ಪ್ರತಿ ಉತ್ತರಕ್ಕೂ ಬೇರೆ ಬೇರೆ ಪುಟವನ್ನು ತೋರಿಸಬಹುದು: 34 ಬರೆದವರು ಕಡ್ಡಿಕಟ್ಟಿನ ಪುಟಕ್ಕೆ, 36 ಬರೆದವರು ಇಳಿಸಿ ಬರೆಯುವ ಪುಟಕ್ಕೆ, 80 ಬರೆದವರು ಚಿಹ್ನೆ ಗುರುತಿಸುವ ಪುಟಕ್ಕೆ. ಅಂತರ್ಜಾಲ ನೆಚ್ಚಲಾಗದ ಶಾಲೆಗಳಿಗೆ ಕೊಲಿಬ್ರಿ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಇದೆ. ಒಂದು ಕಂಪ್ಯೂಟರಿನಲ್ಲಿ ಪಾಠಗಳನ್ನು ಒಮ್ಮೆ ತುಂಬಿಟ್ಟರೆ, ಶಾಲೆಯೊಳಗಿನ ವೈಫೈ ಮೂಲಕ ಟ್ಯಾಬ್‌ಗಳು ಅದನ್ನು ಬಳಸಿಕೊಳ್ಳುತ್ತವೆ. ಯಾವ ಮಗು ಎಲ್ಲಿದೆ ಎಂದು ಶಿಕ್ಷಕರಿಗೆ ತೋರಿಸುತ್ತದೆ.

ಕಟ್ಟುವಾಗ ಕೆಲವು ವಿಷಯಗಳಲ್ಲಿ ಬಿಗಿಯಾಗಿರಬೇಕು. ವಿಡಿಯೊ ಕೊನೆಯವರೆಗೆ ಓಡಿತು ಎಂಬುದನ್ನು ಪೂರ್ಣವಾಯಿತು ಎಂದು ಲೆಕ್ಕ ಹಿಡಿಯಬಾರದು. ವಿಡಿಯೊ ಓಡುವಾಗ ಮಗು ಕಿಟಕಿಯಾಚೆ ನೋಡುತ್ತಿದ್ದಿರಬಹುದು. ಮಗು ಏನನ್ನಾದರೂ ಮಾಡಿ ತೋರಿಸಿದಾಗ ಮಾತ್ರ ಮೆಟ್ಟಿಲು ಮುಗಿಯಬೇಕು. ಒಂದು ಮೆಟ್ಟಿಲಿಗೆ ಒಂದೇ ಹೊಸ ವಿಷಯ ಇರಬೇಕು. ಕಲಿಕಾ ಫಲವನ್ನು ಒಂದೇ ವಾಕ್ಯದಲ್ಲಿ, ಪೋಷಕರಿಗೂ ಅರ್ಥವಾಗುವಂತೆ ಬರೆಯಬೇಕು: ‘ಹತ್ತು ತೆಗೆದುಕೊಂಡು ಎರಡಂಕಿಯ ಸಂಖ್ಯೆಗಳನ್ನು ಕಳೆಯುತ್ತಾಳೆ’ ಎಂದರೆ ಸಾಕು.

ಬೀಗ ಹಾಕುವುದರಲ್ಲಿ ಮಾತ್ರ ಉದಾರವಾಗಿರಬೇಕು. ಒಂದು ಪರೀಕ್ಷೆ ದಾಟದೆ ಮುಂದಿನ ಬಾಗಿಲು ತೆರೆಯದು ಎಂಬ ನಿಯಮ ಒಳ್ಳೆಯದು, ಆದರೆ ಅದೇ ಬಾಗಿಲ ಮುಂದೆ ಮಗುವನ್ನು ದಿನಗಟ್ಟಲೆ ನಿಲ್ಲಿಸುವುದು ಶಿಕ್ಷೆ. ಎರಡು ಮೂರು ಬಾರಿ ಎಡವಿದ ಮಗುವನ್ನು ತಂತ್ರಾಂಶ ಮತ್ತದೇ ಪ್ರಶ್ನೆಗಳಿಗೆ ತಳ್ಳದೆ ಶಿಕ್ಷಕರ ಬಳಿಗೆ ಕಳಿಸಬೇಕು. ಯಾವ ಬೀಗವನ್ನಾದರೂ ತೆರೆಯುವ ಅಧಿಕಾರ ಶಿಕ್ಷಕರ ಕೈಯಲ್ಲಿರಬೇಕು. ಮಗು ಬಾಯಲ್ಲಿ ಸರಿಯಾಗಿ ಹೇಳಿ, ಕೀಲಿಮಣೆಯಲ್ಲಿ ಟೈಪ್ ಮಾಡಲು ಬಾರದೆ ತಪ್ಪಿದ್ದರೆ ಅದು ಕಾಣುವುದು ಶಿಕ್ಷಕರ ಕಣ್ಣಿಗೆ ಮಾತ್ರ.

ಟ್ಯಾಬ್ ಕಡಿಮೆ, ಮಕ್ಕಳು ಹೆಚ್ಚು ಎಂಬ ಚಿಂತೆಗೆ ನಲಿ-ಕಲಿಯಲ್ಲೇ ಉತ್ತರ ಇದೆ. ಮೂರು ಟ್ಯಾಬ್‌ಗಳಿದ್ದರೆ ಅವು ಸ್ವಕಲಿಕೆಯ ತಟ್ಟೆಯಲ್ಲಿರಲಿ. ಅಲ್ಲಿ ಮಕ್ಕಳು ಅಭ್ಯಾಸ ಮಾಡುತ್ತಿರುವಷ್ಟು ಹೊತ್ತು ಶಿಕ್ಷಕರಿಗೆ ಮೊದಲ ತಟ್ಟೆಯ ಮಕ್ಕಳ ಪಕ್ಕ ಕೂರಲು ಬಿಡುವು ಸಿಗುತ್ತದೆ. ತಂತ್ರಾಂಶದಲ್ಲಿ ಎಡವಿದ ಮಗು ಎದ್ದು ಬಂದು ಆ ಮೊದಲ ತಟ್ಟೆಗೆ ಸೇರುತ್ತದೆ. ತಂತ್ರಜ್ಞಾನದಿಂದ ನಾನು ಬಯಸುವ ದೊಡ್ಡ ಉಪಕಾರ ಇದು: ಶಿಕ್ಷಕರಿಗೆ ಅತ್ಯಂತ ಬೇಕಾದ ಮಗುವಿನ ಜೊತೆ ಕಳೆಯಲು ಹತ್ತು ನಿಮಿಷ ಉಳಿಸಿಕೊಡುವುದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಜಿಲ್ಲೆ ಒಂದೇ, ನೆಲ ಒಂದೇ ಅಲ್ಲ. ಸೂಳೆಕೆರೆಯ ನೀರು ಮತ್ತು ಅಡಿಕೆ ತೋಟದ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ತಾಂಡಾಗಳ ನ್ಯಾಮತಿ, ಮಳೆಯನ್ನೇ ನಂಬಿದ ಜಗಳೂರು. ಮಕ್ಕಳ ಶಾಲಾ ದಿನಗಳು ತಪ್ಪುವ ಕಾರಣಗಳೂ ಬೇರೆ ಬೇರೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮನೆಯವರೆಲ್ಲ ಸುಲಿಯುವ ಕೆಲಸಕ್ಕೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲಿ ಉಳಿಯುತ್ತಾಳೆ. ಹೊಳೆ ಉಕ್ಕಿದ ವರ್ಷ ದಡದ ಕೇರಿಗಳ ಮಕ್ಕಳು ಕೆಲವು ದಿನ ಶಾಲೆಗೆ ಬರಲಾರರು. ಮಳೆ ಕೈಕೊಟ್ಟ ವರ್ಷ ಜಗಳೂರಿನ ಹಟ್ಟಿಗಳಿಂದ, ತಾಂಡಾಗಳಿಂದ ಕುಟುಂಬಗಳು ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋಗುತ್ತವೆ.

ಇಡೀ ತರಗತಿಗೆ ಒಂದೇ ವೇಳಾಪಟ್ಟಿ ಇದ್ದಾಗ ಈ ಮಕ್ಕಳೆಲ್ಲ ಸೋಲುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು ಹೇಳುತ್ತದೆ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿಯ ಹಕ್ಕನ್ನೂ ಕೊಡುತ್ತದೆ. ಮೊದಲನೆಯದು ದಾಖಲಾತಿಯ ದಿನವೇ ಆಗಿಬಿಡುತ್ತದೆ. ಎರಡನೆಯದಕ್ಕೆ ಹಾದಿ ಬೇಕು. ರಾಜ್ಯದ ಪ್ರತಿ ವಿದ್ಯಾರ್ಥಿಗೂ ವಿದ್ಯಾರ್ಥಿ ಸಾಧನೆ ದಾಖಲಾತಿ ವ್ಯವಸ್ಥೆಯ (ಎಸ್.ಎ.ಟಿ.ಎಸ್.) ಸಂಖ್ಯೆ ಇದೆ. ನ್ಯಾಮತಿಯ ತಾಂಡಾದಿಂದ ಹೊರಟ ಹುಡುಗ ಚಿಕ್ಕಮಗಳೂರಿನ ತೋಟದ ಹತ್ತಿರದ ಶಾಲೆಗೆ ಸೇರಿದಾಗ, ಅವನ ಹೆಸರು ಮತ್ತು ವರ್ಗಾವಣೆ ಪತ್ರದ ಜೊತೆಗೆ ‘ಓದಿನಲ್ಲಿ ಈ ಮೆಟ್ಟಿಲು, ಗಣಿತದಲ್ಲಿ ಈ ಮೆಟ್ಟಿಲು’ ಎಂಬ ಮಾಹಿತಿಯೂ ಹೋಗಬೇಕು. ಅಲ್ಲಿಯ ಶಿಕ್ಷಕರು ಅಲ್ಲಿಂದಲೇ ಮುಂದುವರಿಸುವಂತಾಗಬೇಕು. ಇದು ಇಲಾಖೆ ಮನಸ್ಸು ಮಾಡಿದರೆ ಆಗುವ ಕೆಲಸ.

ಭಾಷೆಯ ಪ್ರಶ್ನೆಯೂ ಇದೆ. ಲಂಬಾಣಿ ಸಮುದಾಯದ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಸುತ್ತಲಿನ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಅವರ ಏಣಿಯ ಮೊದಲ ಮೆಟ್ಟಿಲು ಅಕ್ಷರ ಆಗಲಾರದು. ಕನ್ನಡವನ್ನು ಕೇಳುವುದು, ಮಾತಾಡುವುದು, ಚಿತ್ರ ನೋಡಿ ತಮ್ಮ ಮಾತಿನಲ್ಲೂ ಕನ್ನಡದಲ್ಲೂ ಹೇಳುವುದು ಅವರಿಗೆ ಮೊದಲ ಮೆಟ್ಟಿಲು. ಅವರ ತಾಯಂದಿರ ದನಿಯಲ್ಲಿ ಧ್ವನಿಮುದ್ರಿಸಿದ ಕತೆಗಳನ್ನು ಆ ಮೆಟ್ಟಿಲಿನಲ್ಲಿ ಕೂರಿಸಲು ತಂತ್ರಾಂಶದಲ್ಲಿ ಯಾವ ಅಡ್ಡಿಯೂ ಇಲ್ಲ. ಬೆಂಗಳೂರಿನಲ್ಲಿ ಕುಳಿತು ರಾಜ್ಯಕ್ಕೆಲ್ಲ ಒಂದು ಹಾದಿ ಬರೆದವರಿಗೆ ಇದು ಹೊಳೆಯಲಾರದು. ತಾಂಡಾದ ಶಾಲೆಯ ಮೇಷ್ಟ್ರಿಗೆ ಹೊಳೆಯುತ್ತದೆ.

ಜೊತೆಗೆ ಒಂದು ಎಚ್ಚರ. ಮಗು ಎಲ್ಲಿ ಎಡವಿತು, ಎಷ್ಟು ಬಾರಿ ತಪ್ಪಿತು ಎಂಬ ದಾಖಲೆ ಅದರ ಕಲಿಕೆಗಾಗಿ ಇರುವಂಥದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯ ನಿಯಮ ಇಟ್ಟಿದೆ. ಉಚಿತ ಎಂದು ಬರುವ ಯಾವುದೇ ಆ್ಯಪ್‌ಗೆ ಶಾಲೆಯ ಮಕ್ಕಳ ಹೆಸರು, ಮೊಬೈಲ್ ಸಂಖ್ಯೆ, ಅಂಕ ಕೊಡುವ ಮೊದಲು ಆ ಮಾಹಿತಿ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ಎಸ್‌ಡಿಎಂಸಿ ಕೇಳಬೇಕು. ಆ ದಾಖಲೆಯನ್ನು ಶಾಲೆ ಶಾಲೆಗಳನ್ನು, ಶಿಕ್ಷಕರನ್ನು ಹೋಲಿಸಿ ಅಂಕ ಹಾಕಲು ಬಳಸಿದರೆ ನಷ್ಟ ಮಕ್ಕಳದೇ. ಹಾಗಾದ ದಿನ ಪ್ರಗತಿ ನೋಟದಲ್ಲಿ ಎಲ್ಲ ಮಕ್ಕಳೂ ಕೊನೆಯ ಮೆಟ್ಟಿಲಿನಲ್ಲಿರುತ್ತಾರೆ, ತರಗತಿಯಲ್ಲಿ ನಿಜವಾಗಿ ಹಾಗಿರುವುದಿಲ್ಲ.

ಒಂದು ಮನವಿ

ಕೆಲಸದ ಆರಂಭಕ್ಕೆ ಹೊಸ ಯೋಜನೆಗಾಗಿ ಕಾಯಬೇಕಾಗಿಲ್ಲ. ಪ್ರತಿ ವರ್ಷ ಶಾಲೆ ತೆರೆದಾಗ ನಾವು ಸೇತುಬಂಧ ಮಾಡುತ್ತೇವೆ: ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ ಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಬಂದಾಗ ಇಡೀ ರಾಜ್ಯ ಒಂದು ವರ್ಷ ತರಗತಿಯ ಪಠ್ಯಕ್ಕಿಂತ ಮಗು ಕಳೆದುಕೊಂಡ ಕಲಿಕಾ ಫಲಗಳಿಗೆ ಮೊದಲ ಸ್ಥಾನ ಕೊಟ್ಟು, ಕಲಿಕಾ ಹಾಳೆಗಳ ಮೂಲಕ ಕೆಲಸ ಮಾಡಿತು. ಆ ಅನುಭವ ನಿಮ್ಮೆಲ್ಲರ ಕೈಯಲ್ಲಿದೆ. ಸೇತುಬಂಧ ಜೂನ್ ತಿಂಗಳಿಗೆ ಮುಗಿಯದೆ ವರ್ಷವಿಡೀ ಪ್ರತಿ ಮಗುವಿನ ಜೊತೆ ನಡೆಯುವಂತೆ ಮಾಡುವುದೇ ತಂತ್ರಾಂಶದಲ್ಲಿನ ಕಲಿಕಾ ಹಾದಿಯ ಉದ್ದೇಶ.

ಆದ್ದರಿಂದ ನನ್ನ ಮನವಿ ಇಷ್ಟು. ನಾಲ್ಕು ತಾಲ್ಲೂಕುಗಳ ಶಿಕ್ಷಕರು ನಿಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಒಂದೊಂದು ಸಣ್ಣ ಹಾದಿಯನ್ನು ಕೈಗೆತ್ತಿಕೊಳ್ಳಿ. ಚನ್ನಗಿರಿಯವರು ಕಳೆಯುವ ಲೆಕ್ಕ, ಹೊನ್ನಾಳಿಯವರು ಭಾಗಾಕಾರ, ಜಗಳೂರಿನವರು ಒತ್ತಕ್ಷರದ ಓದು, ನ್ಯಾಮತಿಯವರು ಲಂಬಾಣಿಯಿಂದ ಕನ್ನಡದ ಮಾತಿಗೆ ಬರುವ ಮೊದಲ ಮೆಟ್ಟಿಲುಗಳು. ಮೊದಲು ಕಾಗದದ ಮೇಲೆ ಬರೆಯಿರಿ, ನಿಮ್ಮ ಮಕ್ಕಳು ನಿಜವಾಗಿ ಮಾಡುವ ತಪ್ಪುಗಳನ್ನು ಪಟ್ಟಿ ಮಾಡಿ, ಪ್ರತಿ ತಪ್ಪಿಗೂ ಹೋಗಬೇಕಾದ ಮೆಟ್ಟಿಲನ್ನು ಗುರುತಿಸಿ. ಆಮೇಲೆ ಅದನ್ನು ತಂತ್ರಾಂಶಕ್ಕೆ ಏರಿಸಲು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ನೆರವಾಗಲಿ, ಇಲ್ಲಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೆರವಾಗಲಿ. ಒಂದು ತಾಲ್ಲೂಕಿನವರು ಮಾಡಿದ್ದನ್ನು ಉಳಿದ ಮೂರು ತಾಲ್ಲೂಕಿನವರು ಮುಕ್ತವಾಗಿ ಬಳಸಿ, ತಿದ್ದಿ, ಬೆಳೆಸಲಿ.

ಪೋಷಕರಲ್ಲೂ ಒಂದು ಕೋರಿಕೆ. ಶಾಲೆಗೆ ಎಷ್ಟು ಟ್ಯಾಬ್ ಬಂತು ಎಂದು ಕೇಳುವ ಬದಲು, ನನ್ನ ಮಗು ಈಗ ಯಾವ ಮೆಟ್ಟಿಲಿನಲ್ಲಿದೆ, ಮುಂದಿನ ಮೆಟ್ಟಿಲು ಯಾವುದು ಎಂದು ಕೇಳಿ. ಆ ಪ್ರಶ್ನೆಗೆ ಪ್ರತಿ ಮಗುವಿನ ಬಗ್ಗೆಯೂ ಉತ್ತರ ಹೇಳಬಲ್ಲ ಶಾಲೆ ಒಳ್ಳೆಯ ಶಾಲೆ. ಆ ಉತ್ತರ ಸಿದ್ಧವಿಡಲು ಶಿಕ್ಷಕರಿಗೆ ನೆರವಾಗುವ ತಂತ್ರಾಂಶ ಒಳ್ಳೆಯ ತಂತ್ರಾಂಶ.

ಕರ್ನಾಟಕಕ್ಕೆ ನಲಿ-ಕಲಿಯನ್ನು ಕೊಟ್ಟದ್ದು ಒಂದು ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು. ನೀವು ನಾಲ್ಕು ತಾಲ್ಲೂಕಿನವರಿದ್ದೀರಿ. ದಯವಿಟ್ಟು ಶುರು ಮಾಡಿ.